ಗ್ರಾಫಿಕ್ಸ್ ಕಾರ್ಡಿನ ಅಂಕಿಗಳನ್ನು ಓದುವುದು ಹೇಗೆ? ಕೋರ್ ಕಡಿಮೆಯಿರುವ ಕಾರ್ಡು ಹೆಚ್ಚು ವೇಗವಾಗಿರುವುದು ಹೇಗೆ ಸಾಧ್ಯ?

ಹೊಸಕಲಿಕೆ

ಎಲ್ಲರಿಗೂ ನಮಸ್ಕಾರ. ಗ್ರಾಫಿಕ್ಸ್ ಕಾರ್ಡುಗಳ ವಿಷಯಕ್ಕೆ ನಾನು ತೀರ ಹೊಸಬ. ನನ್ನಲ್ಲಿರುವ ನಾಲ್ಕು ಜಿಬಿಯ ಹಳೆಯ ಕಾರ್ಡನ್ನು ಬದಲಾಯಿಸುವ ಮೊದಲು, ಯಾರೋ ಹೇಳಿದ್ದನ್ನು ನಂಬಿ ಕೊಳ್ಳುವ ಬದಲು ನಾನೇ ಓದಿ ಅರ್ಥಮಾಡಿಕೊಳ್ಳಬೇಕೆಂದು ಎರಡು ವಾರಗಳಿಂದ ಒಂದು ಪಟ್ಟಿಯನ್ನು ತಯಾರಿಸುತ್ತಿದ್ದೇನೆ. ಕೋರ್‌ಗಳ ಸಂಖ್ಯೆ, ಕ್ಲಾಕ್ ವೇಗ, ಮೆಮೊರಿ, ಬಸ್ ಅಗಲ, ಬ್ಯಾಂಡ್‌ವಿಡ್ತ್, ವಾಟ್ ಎಂದು ಆರು ಅಂಕಣಗಳಿವೆ. ಪಟ್ಟಿ ತುಂಬುತ್ತಾ ಹೋದಂತೆ ಗೊಂದಲವೂ ಬೆಳೆಯುತ್ತಾ ಹೋಗಿದೆ.

ಒಂದು ಉದಾಹರಣೆ ಕೊಡುತ್ತೇನೆ. 2021ರಲ್ಲಿ ಬಂದ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060ರಲ್ಲಿ 3584 ಕೋರ್‌ಗಳು, 12 ಜಿಬಿ ಮೆಮೊರಿ, 192 ಬಿಟ್ ಬಸ್, ಸೆಕೆಂಡಿಗೆ 360 ಜಿಬಿ ಬ್ಯಾಂಡ್‌ವಿಡ್ತ್ ಇವೆ. 2023ರ ಆರ್‌ಟಿಎಕ್ಸ್ 4060ರಲ್ಲಿ 3072 ಕೋರ್‌ಗಳು, 8 ಜಿಬಿ, 128 ಬಿಟ್, 272 ಜಿಬಿ. ಕ್ಲಾಕ್ ಒಂದನ್ನು ಬಿಟ್ಟರೆ ಸಾಮರ್ಥ್ಯದ ಎಲ್ಲ ಅಂಕಣಗಳಲ್ಲೂ ಹೊಸ ಕಾರ್ಡೇ ಹಿಂದೆ ಬಿದ್ದಿದೆ. ಆದರೂ ಸಾಮಾನ್ಯ ಆಟಗಳಲ್ಲಿ ಹೊಸದೇ ವೇಗವಾಗಿದೆ ಎಂದು ಪರೀಕ್ಷಿಸಿದವರು ತೋರಿಸುತ್ತಾರೆ. ಇನ್ನು ಎಎಂಡಿಯ ಆರ್‌ಎಕ್ಸ್ 6600ರಲ್ಲಿ 1792 ಕೋರ್‌ಗಳು ಮಾತ್ರ ಇವೆ. ಅದು 3060ರ ಅರ್ಧದಷ್ಟು ಕೆಲಸವನ್ನೂ ಮಾಡಬಾರದಲ್ಲವೇ?

ನನ್ನ ಪರದೆ 1920×1080. ಸಂಜೆ ಸ್ವಲ್ಪ ಹೊತ್ತು ಆಟವಾಡುತ್ತೇನೆ, ಜೊತೆಗೆ ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರಗಳ ತಂತ್ರಾಂಶವನ್ನು ಕಲಿಯುತ್ತಿದ್ದೇನೆ. ದಯವಿಟ್ಟು ಯಾವ ಕಾರ್ಡು ಕೊಳ್ಳಬೇಕೆಂದು ಹೇಳಬೇಡಿ. ಯಾವ ಅಂಕಿಯನ್ನು ಮೊದಲು ನೋಡಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ಕಲಿಸಿಕೊಡಿ.

ಚಿಪ್ಪಿನೊಳಗೆ

ನಿಮ್ಮ ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಮೊದಲನೆಯ ಅಂಕಣದಲ್ಲೇ ಅಳತೆಯ ಮಾನ ಬದಲಾಗಿರುವುದನ್ನು ನೀವು ಗಮನಿಸಿಲ್ಲ. ‘ಕೋರ್’ ಎಂಬುದು ಕಿಲೋಗ್ರಾಂ ಅಥವಾ ಮೀಟರ್‌ನಂತೆ ಎಲ್ಲೆಡೆ ಒಂದೇ ಆಗಿರುವ ಮಾನವಲ್ಲ. ಎನ್ವಿಡಿಯಾ ಅದನ್ನು ಕ್ಯೂಡಾ ಕೋರ್ ಎನ್ನುತ್ತದೆ, ಎಎಂಡಿ ಸ್ಟ್ರೀಮ್ ಪ್ರೊಸೆಸರ್ ಎನ್ನುತ್ತದೆ. ಎರಡೂ ಮೂಲತಃ ದಶಮಾಂಶ ಸಂಖ್ಯೆಗಳ ಲೆಕ್ಕ ಮಾಡುವ ಪುಟ್ಟ ಘಟಕಗಳೇ ಆದರೂ, ಅವುಗಳನ್ನು ಗುಂಪು ಮಾಡುವ ರೀತಿ, ಅವುಗಳಿಗೆ ಕೆಲಸ ಹಂಚುವ ರೀತಿ, ಅವುಗಳ ಪಕ್ಕದಲ್ಲಿರುವ ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ, ಅತಿ ವೇಗದ ಮೆಮೊರಿ), ಎಲ್ಲವೂ ಒಂದೊಂದು ಆರ್ಕಿಟೆಕ್ಚರ್‌ನಲ್ಲಿ, ಅಂದರೆ ಚಿಪ್ಪಿನ ಒಳವಿನ್ಯಾಸದಲ್ಲಿ, ಒಂದೊಂದು ಬಗೆ. ಆದ್ದರಿಂದಲೇ ಸಾಮಾನ್ಯ ಆಟಗಳಲ್ಲಿ 1792 ಕೋರ್‌ಗಳ 6600, 3584 ಕೋರ್‌ಗಳ 3060ಕ್ಕೆ ಬಹಳ ಸಮೀಪದಲ್ಲೇ ನಿಲ್ಲುತ್ತದೆ.

ಒಂದೇ ಕುಟುಂಬದೊಳಗೆ, ಅಂದರೆ 3060ಕ್ಕೂ 3070ಕ್ಕೂ ನಡುವೆ, ಕೋರ್‌ಗಳ ಹೋಲಿಕೆ ಸರಿಯಾಗಿಯೇ ದಾರಿ ತೋರಿಸುತ್ತದೆ. ಕುಟುಂಬ ಬದಲಾದ ಕೂಡಲೇ ಆ ಹೋಲಿಕೆಯನ್ನು ಕೈಬಿಡಬೇಕು.

ಕ್ಲಾಕನ್ನು ಬೇರೆಯಾಗಿ ನೋಡುವುದೂ ಸರಿಯಲ್ಲ. 3060ರ ಬೂಸ್ಟ್ ಕ್ಲಾಕ್ 1777 ಮೆಗಾಹರ್ಟ್ಸ್, 4060ರದು 2460. ಕೋರ್‌ಗಳನ್ನು ಕ್ಲಾಕಿನಿಂದ ಗುಣಿಸಿ, ಒಂದು ಸುತ್ತಿಗೆ ಎರಡು ಲೆಕ್ಕಗಳಂತೆ ಇನ್ನೊಮ್ಮೆ ಎರಡರಿಂದ ಗುಣಿಸಿದರೆ ಮೊದಲನೆಯದಕ್ಕೆ ಸುಮಾರು 12.7 ಟೆರಾಫ್ಲಾಪ್ (ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕಗಳೆಂದರೆ ಒಂದು ಟೆರಾಫ್ಲಾಪ್), ಎರಡನೆಯದಕ್ಕೆ ಸುಮಾರು 15.1 ಟೆರಾಫ್ಲಾಪ್ ಬರುತ್ತದೆ. ಕೋರ್ ಕಡಿಮೆಯಿದ್ದೂ ಹೊಸದು ಮುಂದೆ ಹೋಗುವುದಕ್ಕೆ ಮೊದಲ ಕಾರಣ ಇಲ್ಲೇ ಇದೆ.

ನೇರಪ್ರಶ್ನೆ

ಹಾಗಿದ್ದರೆ ಆರು ಅಂಕಣಗಳು ಏಕೆ ಬೇಕು? ಟೆರಾಫ್ಲಾಪ್ ಒಂದನ್ನೇ ನೋಡಿದರೆ ಸಾಲದೇ?

ಚಿಪ್ಪಿನೊಳಗೆ

ಸಾಲದು. ಟೆರಾಫ್ಲಾಪ್ ಎಂಬುದು ಕಾಗದದ ಮೇಲಿನ ಗರಿಷ್ಠ ಮಿತಿಯೇ ಹೊರತು ನಿಜವಾಗಿ ನಡೆಯುವ ಕೆಲಸದ ಅಳತೆಯಲ್ಲ. ಎಎಂಡಿಯ ಆರ್‌ಎಕ್ಸ್ 6650 ಎಕ್ಸ್‌ಟಿ ಮತ್ತು ಆರ್‌ಎಕ್ಸ್ 7600 ಎರಡರಲ್ಲೂ 2048 ಸ್ಟ್ರೀಮ್ ಪ್ರೊಸೆಸರ್‌ಗಳಿವೆ, ಕ್ಲಾಕ್ ಕೂಡ ಬಹುತೇಕ ಒಂದೇ. ಆದರೆ ಮೊದಲನೆಯದರ ಪಟ್ಟಿಯಲ್ಲಿ 10.8 ಟೆರಾಫ್ಲಾಪ್ ಎಂದಿದ್ದರೆ ಎರಡನೆಯದರಲ್ಲಿ 21ಕ್ಕಿಂತ ಹೆಚ್ಚು. ಹೊಸ ಆರ್ಕಿಟೆಕ್ಚರ್‌ನಲ್ಲಿ ಒಂದೇ ಸುತ್ತಿನಲ್ಲಿ ಎರಡು ಆದೇಶಗಳನ್ನು ಜೋಡಿಯಾಗಿ ನಡೆಸುವ ಅವಕಾಶವಿದೆ, ಆ ಅವಕಾಶವನ್ನು ಪೂರ್ತಿ ಬಳಸಿಕೊಂಡರೆ ಎಷ್ಟಾಗುತ್ತದೆಯೋ ಅಷ್ಟನ್ನು ಪಟ್ಟಿಯಲ್ಲಿ ಬರೆದಿದ್ದಾರೆ. ಆಟಗಳಲ್ಲಿ ಹಾಗೆ ಜೋಡಿಯಾಗುವ ಆದೇಶಗಳು ಕಡಿಮೆ. ಆದ್ದರಿಂದ ಅಂಕಿ ಇಮ್ಮಡಿಯಾದರೂ ಆಟದಲ್ಲಿ ಕಾಣುವ ವ್ಯತ್ಯಾಸ ಸಣ್ಣದು.

ಎನ್ವಿಡಿಯಾದಲ್ಲೂ ಇದೇ ಕಥೆ. ಆರ್‌ಟಿಎಕ್ಸ್ 2080 ಟಿಐಯಲ್ಲಿ 4352 ಕೋರ್‌ಗಳು, ಸುಮಾರು 13.4 ಟೆರಾಫ್ಲಾಪ್. ಆರ್‌ಟಿಎಕ್ಸ್ 3070ರಲ್ಲಿ 5888 ಕೋರ್‌ಗಳು, ಸುಮಾರು 20.3 ಟೆರಾಫ್ಲಾಪ್. ಆಟಗಳಲ್ಲಿ ಇವೆರಡೂ ಹೆಚ್ಚುಕಡಿಮೆ ಸರಿಸಮ. 2080 ಟಿಐಯ ಹಳೆಯ ಟ್ಯೂರಿಂಗ್ ಆರ್ಕಿಟೆಕ್ಚರ್‌ನಲ್ಲಿ ಪೂರ್ಣಾಂಕಗಳ ಲೆಕ್ಕಕ್ಕೆ ಬೇರೆಯೇ ಘಟಕಗಳಿದ್ದವು, ಅವುಗಳನ್ನು ಕ್ಯೂಡಾ ಕೋರ್ ಎಂದು ಎಣಿಸುತ್ತಿರಲಿಲ್ಲ. ನಂತರ ಬಂದ, 3070ರಲ್ಲಿರುವ ಆಂಪಿಯರ್‌ನಲ್ಲಿ ಆ ಘಟಕಗಳಿಗೂ ದಶಮಾಂಶ ಲೆಕ್ಕವನ್ನು ಕಲಿಸಿ, ಅವನ್ನೂ ಕೋರ್‌ಗಳೆಂದು ಎಣಿಸತೊಡಗಿದರು. ಪೂರ್ಣಾಂಕದ ಕೆಲಸ ಬಂದಾಗ ಅವು ಆ ಕಡೆಗೇ ಹೋಗಬೇಕಾಗುತ್ತದೆ, ಅಷ್ಟು ಹೊತ್ತು ದಶಮಾಂಶದ ಲೆಕ್ಕಕ್ಕೆ ಸಿಗುವುದಿಲ್ಲ. ಎಣಿಕೆಯ ನಿಯಮವೇ ಬದಲಾದ ಮೇಲೆ ಎರಡು ಎಣಿಕೆಗಳನ್ನು ಪಕ್ಕಪಕ್ಕದಲ್ಲಿ ಇಡುವುದು ನ್ಯಾಯವಲ್ಲ.

ಲೆಕ್ಕಪಟ್ಟಿ

ನಾನು ಬ್ಯಾಂಡ್‌ವಿಡ್ತ್ ಬಗ್ಗೆ ಬರೆಯುತ್ತೇನೆ, ಏಕೆಂದರೆ ಹೊಸಬರು ಬಸ್ ಅಗಲವನ್ನು ನೋಡಿ ಗಾಬರಿಯಾಗುವುದನ್ನು ಬಹಳ ಸಲ ಕಂಡಿದ್ದೇನೆ. ಬಸ್ ಅಗಲವು ಕಾಲುವೆಯ ಅಗಲವಿದ್ದಂತೆ, ಮೆಮೊರಿಯ ವೇಗವು ಅದರಲ್ಲಿ ಹರಿಯುವ ನೀರಿನ ಓಟವಿದ್ದಂತೆ. ನಮಗೆ ಬೇಕಾದದ್ದು ಎಷ್ಟು ನೀರು ಬಂತು ಎಂಬುದು. ಬಸ್ ಅಗಲವನ್ನು ಮೆಮೊರಿಯ ವೇಗದಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಆ ಲೆಕ್ಕ ಸಿಗುತ್ತದೆ. 3060ರಲ್ಲಿ 192 ಬಿಟ್ ಇದ್ದು ಮೆಮೊರಿ ಸೆಕೆಂಡಿಗೆ 15 ಗಿಗಾಬಿಟ್ ವೇಗದ್ದು, ಆದ್ದರಿಂದ 360 ಜಿಬಿ. 4060ರಲ್ಲಿ 128 ಬಿಟ್, 17 ಗಿಗಾಬಿಟ್, ಆದ್ದರಿಂದ 272 ಜಿಬಿ. 2025ರ ಆರ್‌ಟಿಎಕ್ಸ್ 5060ರಲ್ಲಿ ಅದೇ 128 ಬಿಟ್ ಬಸ್ ಉಳಿದುಕೊಂಡಿದೆ, ಆದರೆ ಜಿಡಿಡಿಆರ್7 ಮೆಮೊರಿ 28 ಗಿಗಾಬಿಟ್ ವೇಗದಲ್ಲಿ ಓಡುವುದರಿಂದ 448 ಜಿಬಿ ಬರುತ್ತದೆ. ಬಸ್ ಅಗಲವನ್ನು ಮಾತ್ರ ನೋಡುವವರು 5060ನ್ನು 3060ಕ್ಕಿಂತ ಕೀಳೆಂದು ಬಗೆಯುತ್ತಾರೆ, ನೀರಿನ ಲೆಕ್ಕ ಹಾಕಿದವರು ಹಾಗೆ ಬಗೆಯುವುದಿಲ್ಲ.

ಇಷ್ಟಾದರೂ 272 ಜಿಬಿಯ 4060 ಏಕೆ ಸೋಲುವುದಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ನಿಮ್ಮ ಪಟ್ಟಿಯಲ್ಲಿ ಇಲ್ಲದ ಏಳನೆಯ ಅಂಕಣದಲ್ಲಿದೆ, ಅದು ಕ್ಯಾಶ್. 3060ರ ಎಲ್2 ಕ್ಯಾಶ್ 3 ಎಂಬಿ, 4060ರದು 24 ಎಂಬಿ. ಅಡುಗೆಮನೆಯ ಹಂಡೆ ದೊಡ್ಡದಾದಷ್ಟೂ ಬಾವಿಗೆ ಹೋಗುವ ಸರದಿ ಕಡಿಮೆಯಾಗುತ್ತದೆ. ಆರ್‌ಎಕ್ಸ್ 6600ರ ಬ್ಯಾಂಡ್‌ವಿಡ್ತ್ 224 ಜಿಬಿ ಮಾತ್ರ, ಆದರೆ ಅದರಲ್ಲಿ 32 ಎಂಬಿಯ ಇನ್ಫಿನಿಟಿ ಕ್ಯಾಶ್ ಇದೆ. ಪರದೆ 3840×2160 ಆದಾಗ ಒಂದು ಚಿತ್ರಕ್ಕೆ ಬೇಕಾದ ದತ್ತಾಂಶ ಹೆಚ್ಚಿ, ಹಂಡೆ ಸಾಲದೆ ಮತ್ತೆ ಮತ್ತೆ ಬಾವಿಗೆ ಓಡಬೇಕಾಗುತ್ತದೆ. ಕಿರಿದಾದ ಬಸ್‌ನ ಕಾರ್ಡುಗಳು ದೊಡ್ಡ ಪರದೆಯಲ್ಲಿ ಹೆಚ್ಚು ಬಳಲುವುದು ಇದರಿಂದಲೇ. ನಿಮ್ಮ 1920×1080 ಪರದೆಗೆ ಇದು ಅಷ್ಟು ತಟ್ಟುವುದಿಲ್ಲ.

ಬೆಸುಗೆಕಡ್ಡಿ

ವೇಗದ ಮಾತೆಲ್ಲ ಸರಿ. ಆದರೆ ಮೆಮೊರಿಯ ಗಾತ್ರವನ್ನು ಯಾರೂ ಮುಟ್ಟಲಿಲ್ಲವಲ್ಲ, ಹೊಸಬರಿಗೆ ಮೊದಲು ಹೇಳಬೇಕಾದದ್ದೇ ಅದು. ಕ್ಲಾಕ್ ಸ್ವಲ್ಪ ಕಡಿಮೆಯಿದ್ದರೆ ಆಟ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ಮೆಮೊರಿ ಸಾಲದೆ ಹೋದರೆ ಆಟ ನಿಧಾನವಾಗುವುದಿಲ್ಲ, ಮುಗ್ಗರಿಸುತ್ತದೆ. ಕಾರ್ಡಿನ ಮೆಮೊರಿಯಲ್ಲಿ ಹಿಡಿಸದ ದತ್ತಾಂಶವನ್ನು ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ಪಿಸಿಐ ಎಕ್ಸ್‌ಪ್ರೆಸ್ ಮೂಲಕ ತರಬೇಕಾಗುತ್ತದೆ. 4060ರಲ್ಲಿ ಆ ದಾರಿಯ ವೇಗ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 16 ಜಿಬಿ. 272ರಿಂದ ಒಮ್ಮೆಲೇ 16ಕ್ಕೆ ಬಿದ್ದಾಗ ಏನಾಗುತ್ತದೆಂದು ಊಹಿಸಿ.

ನನ್ನ ಹಿಂದಿನ ಕಾರ್ಡಿನಲ್ಲಿ ಇದನ್ನು ತಿಂಗಳುಗಟ್ಟಲೆ ಅನುಭವಿಸಿದ್ದೇನೆ. ಸರಾಸರಿ ಸೆಕೆಂಡಿಗೆ 70 ಫ್ರೇಮ್ ಎಂದು ತೋರಿಸುತ್ತಿತ್ತು, ಆದರೆ ತಿರುವಿನಲ್ಲಿ ತಿರುಗಿದಾಗಲೆಲ್ಲ ಚಿತ್ರ ಅರೆಕ್ಷಣ ಕಲ್ಲಿನಂತೆ ನಿಲ್ಲುತ್ತಿತ್ತು. ಡ್ರೈವರ್ ಬದಲಿಸಿದೆ, ಪ್ರೊಸೆಸರ್ ಮೇಲೆ ಸಂಶಯಪಟ್ಟೆ, ಕಡೆಗೆ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದ ಕೂಡಲೇ ಎಲ್ಲವೂ ಸರಿಹೋಯಿತು. ಆದ್ದರಿಂದ ಪರೀಕ್ಷೆಗಳ ನಕ್ಷೆಯಲ್ಲಿ ಸರಾಸರಿಯನ್ನಷ್ಟೇ ನೋಡದೆ ‘ಶೇಕಡಾ 1ರ ಕನಿಷ್ಠ’ ಎಂಬ ಎರಡನೆಯ ಗೆರೆಯನ್ನೂ ನೋಡಿ. ಆ ಪರೀಕ್ಷೆಯ ಅತಿ ನಿಧಾನದ ಫ್ರೇಮ್‌ಗಳು ಹೇಗಿದ್ದವು ಎಂಬುದನ್ನು ಅದು ಹೇಳುತ್ತದೆ.

ನೇರಪ್ರಶ್ನೆ

1920×1080 ಪರದೆಗೆ ಅಷ್ಟು ಮೆಮೊರಿ ಬೇಡ ಎಂದು ನಾನು ಓದಿದ್ದೆ. ದೊಡ್ಡ ಮೆಮೊರಿ ದೊಡ್ಡ ಪರದೆಗಲ್ಲವೇ?

ಬೆಸುಗೆಕಡ್ಡಿ

ಆ ಮಾತಿನಲ್ಲಿ ಸ್ವಲ್ಪವೇ ನಿಜವಿದೆ. 1920×1080 ಪರದೆಯ ಒಂದು ಪೂರ್ಣ ಚಿತ್ರಕ್ಕೆ, ಒಂದು ಬಿಂದುವಿಗೆ ನಾಲ್ಕು ಬೈಟ್‌ನಂತೆ, ಸುಮಾರು 8 ಎಂಬಿ ಸಾಕು. ಆಟವು ಅಂಥ ಹತ್ತಾರು ಚಿತ್ರಗಳನ್ನು ಒಳಗೆ ಇಟ್ಟುಕೊಂಡರೂ ಕೆಲವು ನೂರು ಎಂಬಿ ಆದೀತು. ಜಾಗವನ್ನು ನಿಜವಾಗಿ ತಿನ್ನುವುದು ಟೆಕ್ಸ್ಚರ್‌ಗಳು, ವಸ್ತುಗಳ ಮೂರು ಆಯಾಮದ ಮಾದರಿಗಳು, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕಹಾಕುವ ವಿಧಾನ) ಹಾಕಿದ್ದರೆ ಅದಕ್ಕೆ ಬೇಕಾದ ದತ್ತಾಂಶ. ಪರದೆ ಚಿಕ್ಕದಾದ ಮಾತ್ರಕ್ಕೆ ಅವು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಲೆಕ್ಕಪಟ್ಟಿ

ಬೆಸುಗೆಕಡ್ಡಿ ಅವರೇ, ನಿಮ್ಮ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಹೊಸಬರು ಅದನ್ನು ‘ಮೆಮೊರಿ ಹೆಚ್ಚಿದ್ದರೆ ಕಾರ್ಡು ಉತ್ತಮ’ ಎಂದು ಓದಿಕೊಳ್ಳುವ ಅಪಾಯವಿದೆ. ಆರ್‌ಟಿಎಕ್ಸ್ 4060 ಟಿಐ 8 ಜಿಬಿಯಲ್ಲೂ 16 ಜಿಬಿಯಲ್ಲೂ ಬಂದಿತು. ಎರಡರಲ್ಲೂ 4352 ಕೋರ್‌ಗಳು, 128 ಬಿಟ್ ಬಸ್, 288 ಜಿಬಿ ಬ್ಯಾಂಡ್‌ವಿಡ್ತ್. 8 ಜಿಬಿಯಲ್ಲಿ ಹಿಡಿಸುವ ಆಟದಲ್ಲಿ ಎರಡೂ ಒಂದೇ ರೀತಿ ಓಡುತ್ತವೆ, ಹಿಡಿಸದ ಆಟದಲ್ಲಿ ಮಾತ್ರ ಅಂತರ ತೆರೆದುಕೊಳ್ಳುತ್ತದೆ. ಮೆಮೊರಿಯು ಹೊಸ್ತಿಲಿದ್ದಂತೆ. ದಾಟಿದ ಮೇಲೆ ಅದರ ಎತ್ತರದಿಂದ ಪ್ರಯೋಜನವಿಲ್ಲ.

ಇನ್ನೊಂದು ತಿದ್ದುಪಡಿ. ತೆರೆಯ ಮೂಲೆಯಲ್ಲಿ ‘ಮೆಮೊರಿ ಬಳಕೆ 7.6 ಜಿಬಿ’ ಎಂದು ತೋರಿಸಿದರೆ ಆಟಕ್ಕೆ ಅಷ್ಟೂ ಅಗತ್ಯವಿದೆ ಎಂದರ್ಥವಲ್ಲ. ಎಷ್ಟೋ ಆಟಗಳು ಸಿಕ್ಕಷ್ಟು ಜಾಗವನ್ನು ಮುಂಗಡವಾಗಿ ಕಾಯ್ದಿರಿಸುತ್ತವೆ. ಕೊರತೆಯ ನಿಜವಾದ ಗುರುತು ನೀವು ಹೇಳಿದ ಆ ಮುಗ್ಗರಿಕೆಯೇ.

ಬೆಸುಗೆಕಡ್ಡಿ

ಹೊಸ್ತಿಲಿನ ಹೋಲಿಕೆಯನ್ನು ಒಪ್ಪುತ್ತೇನೆ. ಆದರೆ ಆ ಹೊಸ್ತಿಲು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಾ ಬಂದಿದೆ. ಕಾರ್ಡಿನ ಉಳಿದ ಕೊರತೆಗಳನ್ನು ಆಟದ ಸೆಟ್ಟಿಂಗ್‌ಗಳಿಂದ ಸರಿದೂಗಿಸಬಹುದು, ಬೆಸೆದು ಕೂರಿಸಿದ ಮೆಮೊರಿಯನ್ನು ಮನೆಯಲ್ಲಿ ಯಾರೂ ಹೆಚ್ಚಿಸಲಾರರು. ನಾಲ್ಕೈದು ವರ್ಷ ಬಳಸುವವರು ಇಂದಿನ ಹೊಸ್ತಿಲನ್ನಷ್ಟೇ ನೋಡಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನಿಧಾನಗತಿ

ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಬರೆಯುತ್ತಿದ್ದೇನೆ. ಮೊದಲ ಕಾರ್ಡು ಕೊಳ್ಳುವಾಗ ನಾನು ಹೆಸರನ್ನು ನೋಡಿದೆನೇ ಹೊರತು ಪೆಟ್ಟಿಗೆಯ ಬದಿಯಲ್ಲಿ ಸಣ್ಣಕ್ಷರದಲ್ಲಿದ್ದ ಮೆಮೊರಿಯ ಬಗೆಯನ್ನು ನೋಡಲಿಲ್ಲ. ಅದೇ ಹೆಸರಿನ ಕಾರ್ಡು ಗೆಳೆಯನ ಬಳಿಯೂ ಇತ್ತು, ಅವನಲ್ಲಿ ಸಲೀಸಾಗಿ ಓಡುತ್ತಿದ್ದ ಆಟ ನನ್ನಲ್ಲಿ ಅರ್ಧ ವೇಗದಲ್ಲೂ ಓಡಲಿಲ್ಲ. ಕಂಪ್ಯೂಟರಿನಲ್ಲೇ ಏನೋ ದೋಷವಿದೆಯೆಂದು ಒಂದು ತಿಂಗಳು ಹುಡುಕಿದೆ. ಹೆಸರು ಒಂದೇ ಆದರೆ ವಸ್ತುವೂ ಒಂದೇ ಎಂದು ನಂಬಿದ್ದು ನನ್ನ ತಪ್ಪು.

ಚಿಪ್ಪಿನೊಳಗೆ

ನಿಧಾನಗತಿ ಅವರು ಹೇಳಿದ್ದು ಒಬ್ಬಿಬ್ಬರ ಅನುಭವವಲ್ಲ. ಜಿಟಿ 1030 ಹೆಸರಿನಲ್ಲಿ ಜಿಡಿಡಿಆರ್5 ಮೆಮೊರಿಯ ಕಾರ್ಡೂ ಇತ್ತು, ನಂತರ ಡಿಡಿಆರ್4 ಮೆಮೊರಿಯದೂ ಬಂತು. ಮೊದಲನೆಯದರ ಬ್ಯಾಂಡ್‌ವಿಡ್ತ್ 48 ಜಿಬಿ, ಎರಡನೆಯದರದು 16.8 ಜಿಬಿ. ಜಿಟಿಎಕ್ಸ್ 1060ರ 6 ಜಿಬಿ ರೂಪದಲ್ಲಿ 1280 ಕೋರ್‌ಗಳಿದ್ದರೆ 3 ಜಿಬಿ ರೂಪದಲ್ಲಿ 1152 ಮಾತ್ರ. ಅಂದರೆ ಹೆಸರಿನಲ್ಲಿ ಕಾಣುವ ವ್ಯತ್ಯಾಸ ಮೆಮೊರಿಯದು ಮಾತ್ರವಾದರೂ ಒಳಗೆ ಚಿಪ್ಪಿನ ಕೆಲವು ಕೋರ್‌ಗಳನ್ನೂ ಕಡಿತಗೊಳಿಸಲಾಗಿತ್ತು. ನೀವು ಪಟ್ಟಿಯಲ್ಲಿ ಬರೆದ 3060ಕ್ಕೂ 8 ಜಿಬಿಯ ಇನ್ನೊಂದು ರೂಪವಿದೆ, ಅದರ ಬಸ್ 128 ಬಿಟ್, ಬ್ಯಾಂಡ್‌ವಿಡ್ತ್ 240 ಜಿಬಿ. 2022ರಲ್ಲಿ ಎನ್ವಿಡಿಯಾ ‘4080’ ಎಂಬ ಒಂದೇ ಹೆಸರಿನಲ್ಲಿ 12 ಮತ್ತು 16 ಜಿಬಿಯ ಎರಡು ಬೇರೆ ಬೇರೆ ಚಿಪ್ಪುಗಳ ಕಾರ್ಡುಗಳನ್ನು ಪ್ರಕಟಿಸಿ, ಟೀಕೆಯ ನಂತರ 12 ಜಿಬಿಯದನ್ನು ಹಿಂತೆಗೆದುಕೊಂಡಿತು. ಅದೇ ಕಾರ್ಡು 2023ರ ಜನವರಿಯಲ್ಲಿ 4070 ಟಿಐ ಎಂಬ ಹೆಸರಿನಲ್ಲಿ ಬಂತು.

ಮುದ್ರಿತ ಅಂಕಿಯೇ ತಪ್ಪಾಗಿದ್ದ ಉದಾಹರಣೆಯೂ ಇದೆ. 2014ರ ಜಿಟಿಎಕ್ಸ್ 970ರ 4 ಜಿಬಿಯಲ್ಲಿ ಕೊನೆಯ ಅರ್ಧ ಜಿಬಿ ಉಳಿದ ಮೂರೂವರೆ ಜಿಬಿಗಿಂತ ಬಹಳ ನಿಧಾನವಾಗಿದ್ದುದನ್ನು ಬಳಕೆದಾರರೇ ಕಂಡುಹಿಡಿದರು. ಎಲ್2 ಕ್ಯಾಶ್ 2 ಎಂಬಿ ಅಲ್ಲ 1.75 ಎಂಬಿ, ಚಿತ್ರದ ಬಿಂದುಗಳನ್ನು ಕೊನೆಗೆ ಮೆಮೊರಿಗೆ ಬರೆಯುವ ಆರ್‌ಒಪಿ ಘಟಕಗಳು 64 ಅಲ್ಲ 56 ಎಂದು ಕಂಪನಿ 2015ರ ಜನವರಿಯಲ್ಲಿ ತಿದ್ದಿ ಹೇಳಬೇಕಾಯಿತು.

ಹೊಸಕಲಿಕೆ

ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಮನಸಾರೆ ಧನ್ಯವಾದ. ಪಟ್ಟಿಗೆ ‘ಆರ್ಕಿಟೆಕ್ಚರ್’ ಮತ್ತು ‘ಕ್ಯಾಶ್’ ಎಂಬ ಎರಡು ಅಂಕಣಗಳನ್ನು ಸೇರಿಸಿದ್ದೇನೆ. 4060ರ ಮುಂದೆ ‘ಪಿಸಿಐ ಎಕ್ಸ್‌ಪ್ರೆಸ್ 4.0 ×8’ ಎಂದಿದೆ. ನನ್ನ ಮದರ್‌ಬೋರ್ಡು ಹಳೆಯದು, ಅದರಲ್ಲಿ 3.0 ಇದೆ. ಇದು ಅಡ್ಡಿಯಾಗುತ್ತದೆಯೇ?

ಲೆಕ್ಕಪಟ್ಟಿ

ಕಾರ್ಡು ಕೆಲಸ ಮಾಡುವುದರಲ್ಲಿ ಸಂಶಯವಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಒಂದು ಪೀಳಿಗೆ ಮುಂದೆ ಹೋದಾಗಲೆಲ್ಲ ಒಂದು ಲೇನಿನ, ಅಂದರೆ ದತ್ತಾಂಶ ಹರಿಯುವ ಒಂದು ಪಥದ, ವೇಗ ಇಮ್ಮಡಿಯಾಗುತ್ತದೆ. ಆದ್ದರಿಂದ 4.0ರ ಎಂಟು ಲೇನ್‌ಗಳು 3.0ರ ಹದಿನಾರು ಲೇನ್‌ಗಳಿಗೆ ಸಮ. ನಿಮ್ಮ ಬೋರ್ಡಿನಲ್ಲಿ ಎಂಟೇ ಲೇನ್‌ಗಳು 3.0ರ ವೇಗದಲ್ಲಿ ಓಡುವುದರಿಂದ ಸೆಕೆಂಡಿಗೆ ಸುಮಾರು 8 ಜಿಬಿ ಸಿಗುತ್ತದೆ. ದತ್ತಾಂಶ ಕಾರ್ಡಿನ ಮೆಮೊರಿಯಲ್ಲೇ ಹಿಡಿಸುವವರೆಗೆ ಇದರಿಂದಾಗುವ ನಷ್ಟ ಅಲ್ಪ. ಆದರೆ ಬೆಸುಗೆಕಡ್ಡಿ ಅವರು ವಿವರಿಸಿದ ಮೆಮೊರಿ ತುಂಬಿ ಹೊರಚೆಲ್ಲುವ ಸ್ಥಿತಿಯಲ್ಲಿ ಇದೇ ದಾರಿಯೇ ಆಧಾರವಾದ್ದರಿಂದ ನೋವು ದುಪ್ಪಟ್ಟಾಗುತ್ತದೆ.

2022ರ ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ ಈ ಎರಡೂ ದೌರ್ಬಲ್ಯಗಳು ಒಟ್ಟಿಗೆ ಸೇರಿದ್ದವು. ಮೆಮೊರಿ 4 ಜಿಬಿ, ಲೇನ್‌ಗಳು ನಾಲ್ಕೇ. ಹಳೆಯ 3.0 ಬೋರ್ಡುಗಳಲ್ಲಿ ಅದು ಎದ್ದು ಕಾಣುವಷ್ಟು ಕುಸಿಯಿತು. ಹಳೆಯ ಕಂಪ್ಯೂಟರಿಗೆ ಕಡಿಮೆ ಖರ್ಚಿನಲ್ಲಿ ಜೀವ ತುಂಬಬೇಕೆಂದು ಬಯಸುವವರೇ ಅಂಥ ಕಾರ್ಡನ್ನು ಆರಿಸುತ್ತಾರೆ, ಪೆಟ್ಟು ಬೀಳುವುದೂ ಅವರಿಗೇ. ಇದು ನನಗೆ ಇಂದಿಗೂ ಬೇಸರದ ಸಂಗತಿ.

ಬೆಸುಗೆಕಡ್ಡಿ

ವಾಟ್ ಅಂಕಣವನ್ನು ವೇಗದ ಅಂಕಣವೆಂದು ಓದಬೇಡಿ. 3060ಕ್ಕೆ 170 ವಾಟ್, 4060ಕ್ಕೆ 115 ವಾಟ್. ಹೊಸ ತಯಾರಿಕಾ ವಿಧಾನದಿಂದ ಅದೇ ಕೆಲಸ ಕಡಿಮೆ ವಿದ್ಯುತ್ತಿನಲ್ಲಿ ಆಗುತ್ತಿದೆ. ಸ್ಲಾಟ್‌ನಿಂದ 75 ವಾಟ್, ಆರು ಪಿನ್ನಿನ ಕೇಬಲ್‌ನಿಂದ 75, ಎಂಟು ಪಿನ್ನಿನದರಿಂದ 150 ವಾಟ್ ಸಿಗುತ್ತದೆ ಎಂಬ ಲೆಕ್ಕವನ್ನು ನೆನಪಿಡಿ. ಪವರ್ ಸಪ್ಲೈಯಲ್ಲಿ ಬೇಕಾದ ಕೇಬಲ್ ಇದೆಯೇ, ಕ್ಯಾಬಿನೆಟ್‌ನೊಳಗೆ ಕಾರ್ಡಿನ ಉದ್ದಕ್ಕೆ ಜಾಗವಿದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡಿ.

ಚಲಿಸುವಚಿತ್ರ

ಲ್ಯಾಪ್‌ಟಾಪ್ ಬಳಸುವವರೂ ಇದನ್ನು ಓದುತ್ತಿರಬಹುದಾದ್ದರಿಂದ ಒಂದು ಮಾತು. ಅಲ್ಲಿ ವಾಟ್ ಅಂಕಣವೇ ಮುಖ್ಯ. ಲ್ಯಾಪ್‌ಟಾಪಿನ 4060 ಚಿಪ್ಪಿಗೆ ತಯಾರಕರು 35ರಿಂದ 115 ವಾಟ್‌ವರೆಗೆ ಎಷ್ಟನ್ನಾದರೂ ನಿಗದಿಪಡಿಸಬಹುದು. ಹೆಸರು ಒಂದೇ ಇದ್ದರೂ ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ಅದರ ವೇಗ ಬಹಳ ಕಡಿಮೆಯಿರುತ್ತದೆ. ಆರ್‌ಟಿಎಕ್ಸ್ 4090ರಲ್ಲಂತೂ ಚಿಪ್ಪೇ ಬೇರೆ: ಡೆಸ್ಕ್‌ಟಾಪಿನದರಲ್ಲಿ 16384 ಕೋರ್‌ಗಳು ಮತ್ತು 24 ಜಿಬಿ, ಲ್ಯಾಪ್‌ಟಾಪಿನದರಲ್ಲಿ 9728 ಕೋರ್‌ಗಳು ಮತ್ತು 16 ಜಿಬಿ.

ನೇರಪ್ರಶ್ನೆ

ಕಂಪನಿಗಳ ನಕ್ಷೆಯಲ್ಲಿ ಹೊಸ ಕಾರ್ಡು ಹಳೆಯದಕ್ಕಿಂತ ಎರಡು ಮೂರು ಪಟ್ಟು ವೇಗ ಎಂದು ತೋರಿಸುತ್ತಾರಲ್ಲ, ಅದನ್ನು ನಂಬಬಹುದೇ?

ಚಲಿಸುವಚಿತ್ರ

ನಕ್ಷೆಯ ಕೆಳಗಿನ ಸಣ್ಣಕ್ಷರವನ್ನು ಓದಿದ ಮೇಲೆ ಮಾತ್ರ. ಅಂಥ ನಕ್ಷೆಗಳಲ್ಲಿ ಎಷ್ಟೋ ಸಲ ಹೊಸ ಕಾರ್ಡಿಗೆ ಫ್ರೇಮ್ ಜನರೇಶನ್ ಹಾಕಿ, ಆ ಸೌಲಭ್ಯವಿಲ್ಲದ ಹಳೆಯದರೊಂದಿಗೆ ಹೋಲಿಸಿರುತ್ತಾರೆ. ಇಲ್ಲಿ ಎರಡು ಬೇರೆ ತಂತ್ರಗಳಿವೆ. ಮೊದಲನೆಯದು ಅಪ್‌ಸ್ಕೇಲಿಂಗ್, ಅಂದರೆ ಚಿಕ್ಕ ಚಿತ್ರವನ್ನು ಬಿಡಿಸಿ ಪರದೆಯ ಗಾತ್ರಕ್ಕೆ ಹಿಗ್ಗಿಸುವುದು. ಎನ್ವಿಡಿಯಾದ ಡಿಎಲ್ಎಸ್ಎಸ್ ಮತ್ತು ಎಎಂಡಿಯ ಎಫ್ಎಸ್ಆರ್ ಈ ಕೆಲಸ ಮಾಡುತ್ತವೆ, ಕಾರ್ಡಿನ ಹೊರೆ ನಿಜವಾಗಿಯೂ ಇಳಿಯುತ್ತದೆ. ಎರಡನೆಯದು ಫ್ರೇಮ್ ಜನರೇಶನ್. ಬಿಡಿಸಿದ ಎರಡು ಚಿತ್ರಗಳ ನಡುವೆ ಊಹಿಸಿದ ಚಿತ್ರವೊಂದನ್ನು ತೂರಿಸುವುದು. ಇದಕ್ಕಾಗಿ ಮುಂದಿನ ಚಿತ್ರ ಸಿದ್ಧವಾದ ಮೇಲೂ ಅದನ್ನು ಸ್ವಲ್ಪ ತಡೆಹಿಡಿಯಬೇಕಾಗುತ್ತದೆ. ಚಲನೆ ನಯವಾಗಿ ಕಾಣುತ್ತದೆ, ಆದರೆ ಗುಂಡಿ ಒತ್ತಿದಾಗ ಆಟ ಪ್ರತಿಕ್ರಿಯಿಸುವ ವೇಗ ಹೆಚ್ಚುವುದಿಲ್ಲ.

ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್, 30 ಎಂದರೆ 33.3. ಮೂವತ್ತನ್ನು ಅರವತ್ತಾಗಿ ತೋರಿಸಿದರೂ ಕೈಗೆ ತಿಳಿಯುವ ವಿಳಂಬ ಆ 33.3ಕ್ಕಿಂತ ಇಳಿಯುವುದಿಲ್ಲ. ತಂತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನಾನೂ ಬಳಸುತ್ತೇನೆ. ಹೋಲಿಸುವಾಗ ಎರಡೂ ಕಾರ್ಡುಗಳಲ್ಲಿ ಅದನ್ನು ನಿಲ್ಲಿಸಿ ಹೋಲಿಸಬೇಕು ಎಂಬುದಷ್ಟೇ ನನ್ನ ವಾದ.

ಮೂರುಆಯಾಮ

ಬ್ಲೆಂಡರ್ ಪ್ರಸ್ತಾಪವಾಗಿದ್ದರಿಂದ ಬರೆಯುತ್ತಿದ್ದೇನೆ, ಏಕೆಂದರೆ ಇಲ್ಲಿನ ಉತ್ತರಗಳೆಲ್ಲ ಆಟದ ಕಡೆಗೇ ವಾಲಿವೆ. ರೆಂಡರಿಂಗ್‌ನಲ್ಲಿ, ಅಂದರೆ ದೃಶ್ಯವನ್ನು ಲೆಕ್ಕಹಾಕಿ ಚಿತ್ರವಾಗಿಸುವುದರಲ್ಲಿ, ಅಂಕಿಗಳ ಮಹತ್ವದ ಕ್ರಮವೇ ಬದಲಾಗುತ್ತದೆ. ಬ್ಲೆಂಡರಿನ ಸೈಕಲ್ಸ್ ಎಂಬ ರೆಂಡರ್ ಎಂಜಿನ್ ಎನ್ವಿಡಿಯಾ ಕಾರ್ಡುಗಳಲ್ಲಿ ಆಪ್ಟಿಎಕ್ಸ್ ಮೂಲಕ ರೇ ಟ್ರೇಸಿಂಗ್ ಘಟಕಗಳನ್ನು ಬಳಸಿಕೊಳ್ಳುತ್ತದೆ, ಎಎಂಡಿ ಕಾರ್ಡುಗಳಿಗೆ ಎಚ್ಐಪಿ ಎಂಬ ಬೇರೆ ದಾರಿಯಿದೆ. ಆಟದಲ್ಲಿ ಸರಿಸಮವಾಗಿರುವ ಎರಡು ಕಾರ್ಡುಗಳು ಇಲ್ಲಿ ಬಹಳ ದೂರ ದೂರ ನಿಲ್ಲಬಹುದು. ಬ್ಲೆಂಡರ್ ಸಂಸ್ಥೆಯೇ ‘ಓಪನ್ ಡೇಟಾ’ ಎಂಬ ಹೆಸರಿನಲ್ಲಿ ಬಳಕೆದಾರರ ಪರೀಕ್ಷಾ ಫಲಿತಾಂಶಗಳನ್ನು ಒಂದೆಡೆ ಕಲೆಹಾಕಿದೆ, ನೀವು ಹೋಲಿಸುತ್ತಿರುವ ಕಾರ್ಡುಗಳನ್ನು ಅಲ್ಲಿ ನೋಡಿ.

ಮೆಮೊರಿಯ ವಿಷಯದಲ್ಲಿ ನಾನು ಬೆಸುಗೆಕಡ್ಡಿ ಅವರ ಪಕ್ಷ. 4096×4096 ಗಾತ್ರದ ಒಂದು ಟೆಕ್ಸ್ಚರ್, ಬಿಂದುವಿಗೆ ನಾಲ್ಕು ಬೈಟ್‌ನಂತೆ, 64 ಎಂಬಿ ಹಿಡಿಯುತ್ತದೆ. ಆಟಗಳು ಅದನ್ನು ಕುಗ್ಗಿಸಿ ಇಡುತ್ತವೆ, ರೆಂಡರ್ ಎಂಜಿನ್ ಸಾಮಾನ್ಯವಾಗಿ ಹಾಗೆಯೇ ಇಡುತ್ತದೆ. ಒಂದು ವಸ್ತುವಿಗೆ ಬಣ್ಣ, ಒರಟುತನ, ಉಬ್ಬುತಗ್ಗು ಎಂದು ಮೂರು ಟೆಕ್ಸ್ಚರ್ ಹಾಕಿದರೆ 192 ಎಂಬಿ. ಅಂಥ ಮೂವತ್ತು ವಸ್ತುಗಳಿರುವ ಒಂದು ಕೋಣೆಯ ದೃಶ್ಯಕ್ಕೆ ಟೆಕ್ಸ್ಚರ್‌ಗಳೇ 5.6 ಜಿಬಿಯನ್ನು ದಾಟುತ್ತವೆ. ಆಟದಲ್ಲಾದರೆ ಮುಗ್ಗರಿಕೆ, ಇಲ್ಲಾದರೆ ಮೆಮೊರಿ ಸಾಲದೆಂದು ರೆಂಡರ್ ನಿಂತೇ ಹೋಗಬಹುದು. ಇನ್ನೂ ಕಲಿಯುವ ಹಂತದಲ್ಲಿರುವವರು ದೃಶ್ಯವನ್ನು ಮಿತವಾಗಿಡುವ ಕೌಶಲವನ್ನು ಇನ್ನೂ ಗಳಿಸಿರುವುದಿಲ್ಲ. ಆದ್ದರಿಂದ ಅವರಿಗೆ ಮೆಮೊರಿ ಹೆಚ್ಚೇ ಬೇಕು.

ರಾತ್ರಿಪಾಳಿ

ಭಾಷಾ ಮಾದರಿಗಳನ್ನು ಸ್ವಂತ ಕಂಪ್ಯೂಟರಿನಲ್ಲಿ ಓಡಿಸುವವರ ಲೆಕ್ಕವೂ ಹೀಗೆಯೇ. 700 ಕೋಟಿ ಪ್ಯಾರಾಮೀಟರ್‌ಗಳ ಮಾದರಿಗೆ, ಒಂದಕ್ಕೆ ಎರಡು ಬೈಟ್‌ನಂತೆ, 14 ಜಿಬಿ ಬೇಕು. ನಾಲ್ಕು ಬಿಟ್‌ಗೆ ಇಳಿಸಿದರೆ ಮೂರೂವರೆ ಜಿಬಿಯ ಆಸುಪಾಸಿಗೆ ಬರುತ್ತದೆ. ಒಂದೊಂದು ಪದದ ತುಣುಕಿಗೂ ಮಾದರಿಯನ್ನು ಪೂರ್ತಿ ಓದಬೇಕಾಗುವುದರಿಂದ ಅಲ್ಲಿ ದೊಡ್ಡ ಕ್ಯಾಶ್ ನೆರವಿಗೆ ಬರುವುದಿಲ್ಲ, 4060ರ 272 ಜಿಬಿಯ ಎದುರು 3060ರ 360 ಜಿಬಿ ಬ್ಯಾಂಡ್‌ವಿಡ್ತೇ ಗೆಲ್ಲುತ್ತದೆ. ಒಂದೇ ಎರಡು ಕಾರ್ಡುಗಳ ನಡುವಿನ ಗೆಲುವು ಕೆಲಸ ಬದಲಾದಂತೆ ತಿರುಗುಮುರುಗಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಚಿಪ್ಪಿನೊಳಗೆ

ಹೊಸಕಲಿಕೆ ಅವರೇ, ಹೊಸ ಕಾರ್ಡಿನ ಅಂಕಿಗಳಿಗೆ ಹೋಗುವ ಮೊದಲು ಈಗಿನ ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ ಮಾಡಿ. ಆಟದಲ್ಲಿ ಪರದೆಯ ಅಳತೆಯನ್ನು 1280×720ಕ್ಕೆ ಇಳಿಸಿ ನೋಡಿ. ಫ್ರೇಮ್‌ಗಳು ಜಿಗಿದರೆ ಕಾರ್ಡೇ ತಡೆಯಾಗಿದೆ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ತಡೆಯುತ್ತಿದೆ, ಎಂಥ ಕಾರ್ಡು ಹಾಕಿದರೂ ಆ ಆಟ ಅಷ್ಟಕ್ಕೇ ನಿಲ್ಲುತ್ತದೆ.

ಹೊಸಕಲಿಕೆ

ಪರೀಕ್ಷೆ ಮಾಡಿದೆ. ಹೆಚ್ಚು ಜನರು ಒಟ್ಟಿಗೆ ಆಡುವ ಒಂದು ಆಟದಲ್ಲಿ 71 ಫ್ರೇಮ್ ಇದ್ದದ್ದು 74 ಆಯಿತು, ಅಷ್ಟೇ. ಒಬ್ಬನೇ ಆಡುವ ಇನ್ನೊಂದು ಆಟದಲ್ಲಿ 38ರಿಂದ 66ಕ್ಕೆ ಏರಿತು. ಬ್ಲೆಂಡರಿನಲ್ಲಿ ಮೂರುಆಯಾಮ ಅವರು ಹೇಳಿದಂತೆ ಒಂದು ಕೋಣೆಯ ದೃಶ್ಯ ರೆಂಡರ್ ಆಗದೆ ನಿಂತುಹೋಯಿತು, ಟೆಕ್ಸ್ಚರ್‌ಗಳ ಅಳತೆಯನ್ನು ಅರ್ಧಕ್ಕಿಳಿಸಿದ ಮೇಲೆ ಓಡಿತು. ಹಾಗಾದರೆ ಮೊದಲನೆಯ ಆಟಕ್ಕಾಗಿ ನಾನು ಕಾರ್ಡನ್ನು ಹುಡುಕುವುದೇ ವ್ಯರ್ಥ, ಎರಡನೆಯದಕ್ಕೆ ವೇಗ ಬೇಕು, ಬ್ಲೆಂಡರಿಗೆ ಜಾಗ ಬೇಕು. ಪಟ್ಟಿಯಲ್ಲಿ ಮೆಮೊರಿಯ ಅಂಕಣವನ್ನು ಮೊದಲಿಗೆ ತಂದು, 12 ಜಿಬಿಗಿಂತ ಕಡಿಮೆಯಿರುವ ಸಾಲುಗಳನ್ನು ಅಳಿಸಿದ್ದೇನೆ. 4060ರ ಸಾಲೂ ಹೋಯಿತು. ಉಳಿದವುಗಳಲ್ಲಿ ಕುಟುಂಬ ಒಂದೇ ಆಗಿದ್ದರೆ ಕೋರ್‌ಗಳನ್ನು, ಬೇರೆಯಾಗಿದ್ದರೆ ಆ ಎರಡನೆಯ ಆಟದ ಮತ್ತು ಬ್ಲೆಂಡರಿನ ಪರೀಕ್ಷಾ ಫಲಿತಾಂಶಗಳನ್ನು ಹೋಲಿಸುತ್ತಿದ್ದೇನೆ.

ಲೆಕ್ಕಪಟ್ಟಿ

ಆ ಕ್ರಮ ಸರಿಯಾಗಿದೆ. ಕಾರ್ಡು ಕೈಗೆ ಬಂದ ದಿನ ಜಿಪಿಯು-ಝಡ್ ತಂತ್ರಾಂಶದಲ್ಲಿ ಮೆಮೊರಿಯ ಬಗೆ, ಬಸ್ ಅಗಲ, ಓಡುತ್ತಿರುವ ಲೇನ್‌ಗಳ ಸಂಖ್ಯೆ ಮೂರನ್ನೂ ನಿಮ್ಮ ಪಟ್ಟಿಯೊಂದಿಗೆ ತಾಳೆ ನೋಡಿ.

ಬೆಸುಗೆಕಡ್ಡಿ

ಉಳಿದ ಸಾಲುಗಳಲ್ಲಿ 170 ವಾಟ್ ಆಸುಪಾಸಿನವಿದ್ದರೆ ಎಂಟು ಪಿನ್ನಿನ ಕೇಬಲ್ ಬೇಕಾಗುತ್ತದೆ. ಕ್ಯಾಬಿನೆಟ್ ತೆರೆದು ನೋಡಿದಿರಾ?

ಹೊಸಕಲಿಕೆ

ಈಗಷ್ಟೇ ತೆರೆದು ನೋಡಿದೆ. ಎಂಟು ಪಿನ್ನಿನದು ಒಂದಿದೆ, ಬಳಕೆಯಾಗದೆ ಉಳಿದಿದೆ. ಒಳಗಿನ ಜಾಗ 29 ಸೆಂಟಿಮೀಟರ್. ಪಟ್ಟಿಗೆ ಉದ್ದದ ಅಂಕಣವನ್ನೂ ಸೇರಿಸುತ್ತಿದ್ದೇನೆ.